ಎದುರು ಬಾಲ್ಕನಿಯ ನಿಲುವಂಗಿಯ ಮೇಲಿನ ವಿಚಾರಣೆ ಕೈಬಿಡುವ ಕುರಿತು

ಇಂದ:
ಇನ್ಶಿರಾಹ್, ಮೂರನೇ ಮಹಡಿ, ಶುಬ್ರಾ, ಕೈರೋ.
(ಬರೆದುಕೊಟ್ಟವನು: ಪತಿ ಶೌಕಿ, ಕೋರ್ಟಿನ ಮುಂದೆ ಕೂತು ಊರವರ ಅರ್ಜಿ ಬರೆದು ನಿವೃತ್ತನಾದವನು)

ಗೆ:
ಶ್ರೀಮತಿ ಅವಾತಿಫ್ ಅವರಿಗೆ, ಎದುರು ಕಟ್ಟಡ, ಅದೇ ಮಹಡಿ.

ವಿಷಯ: ತಮ್ಮ ಬಗ್ಗೆ ಅಂದುಕೊಂಡದ್ದನ್ನೆಲ್ಲ ಹಿಂಪಡೆಯುವ ಬಗ್ಗೆ.

ಉಲ್ಲೇಖ: ತಮ್ಮ ಬಟ್ಟೆ ಹಗ್ಗದ ಮೇಲೆ ಸದಾ ಇರುವ ಗಂಡಸಿನ ನಿಲುವಂಗಿ.

ಮಾನ್ಯರೇ,

ಅರ್ಜಿದಾರಳ ಪರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಅರ್ಜಿದಾರಳು ಬೆಳಿಗ್ಗೆ ಚಹಾ ಲೋಟ ಹಿಡಿದು ಬಾಲ್ಕನಿಗೆ ಬಂದರೆ ಓಣಿಯ ಅಷ್ಟೂ ಹಗ್ಗಗಳ ತನಿಖೆ ಮುಗಿಸಿಯೇ ಒಳಗೆ ಹೋಗುವುದು. ಬೆಡ್‌ಶೀಟು ಮುಂದೆ, ಒಳಬಟ್ಟೆ ಹಿಂದೆ ಹಾಕಿದವಳು ಮರ್ಯಾದಸ್ಥೆ. ಅದು ಹಿಂದುಮುಂದಾದರೆ ಅವಳ ತಾಯಿಯ ತನಕ ವಿಚಾರಣೆ. ಈ ಹುದ್ದೆಗೆ ಅವಳನ್ನು ಯಾರೂ ನೇಮಿಸಿರಲಿಲ್ಲ, ಆದರೂ ಒಂದು ದಿನ ರಜೆ ಹಾಕಿದವಳಲ್ಲ.

೨. ತಾವು ಎರಡು ವರ್ಷದ ಹಿಂದೆ ಎದುರು ಮನೆಗೆ ಒಬ್ಬರೇ ಬಾಡಿಗೆಗೆ ಬಂದಿರಿ. ಹಗ್ಗದ ಮೇಲೆ ಮಾತ್ರ ದಿನಾ ಗಂಡಸಿನ ನಿಲುವಂಗಿ. ಸದರಿ ಗಂಡಸು ಮೆಟ್ಟಿಲು ಹತ್ತಿದ್ದನ್ನಾಗಲಿ ಇಳಿದದ್ದನ್ನಾಗಲಿ ಕಂಡವರಿಲ್ಲ.

"ನೋಡ್ರೀ, ಅಂಗಿ ಇದೆ, ಆಸಾಮಿ ಇಲ್ಲ," ಎಂದಳು ಅರ್ಜಿದಾರಳು.

"ಇಲ್ದಿದ್ರೆ ನಿನಗೇನೇ?"

"ನನಗೇನು? ನಾನೇನಾದ್ರೂ ಅಂದ್ನಾ? ಸುಮ್ನೆ ಅಂದ್ಕೊಂಡೆ ಅಷ್ಟೆ."

ಹಾಗೆ ಅಂದುಕೊಂಡದ್ದರ ಮೇಲೆ ಅವತ್ತೇ ತೀರ್ಪೂ ಆಗಿಹೋಯಿತು.

೩. ಹಬ್ಬಕ್ಕೆ ತಾವು ಒಂದು ತಟ್ಟೆ ಕಹ್ಕ್ ಬಿಸ್ಕತ್ತು ಕಳಿಸಿದಿರಿ. ನೆರೆಮನೆಯಿಂದ ಬಂದ ತಟ್ಟೆಯನ್ನು ಯಾರೂ ಖಾಲಿ ಕಳಿಸುವುದಿಲ್ಲ. ಕಾರಣ ಅರ್ಜಿದಾರಳು ತಮ್ಮ ಬಿಸ್ಕತ್ತನ್ನೇ ಮುಟ್ಟದೆ, ಬಂದ ಹಾಗೇ ತುಂಬಿದ ತಟ್ಟೆಯನ್ನು ಹಿಂದಕ್ಕೆ ಕಳಿಸಿದಳು. ನಿಯಮ ಮುರಿದಂತಾಗಲಿಲ್ಲ, ತಮಗೆ ನೋವಾಗಬೇಕಾದಷ್ಟೂ ಆಯಿತು. ತುಪ್ಪದಲ್ಲಿ ಘಮಘಮ ಎನ್ನುತ್ತಿದ್ದ ಸದರಿ ಬಿಸ್ಕತ್ತಿನಲ್ಲಿ ಅರ್ಜಿ ಬರೆದವನಿಗೆ ಒಂದು ಚೂರೂ ಸಿಗಲಿಲ್ಲವೆಂಬುದನ್ನು ಇಲ್ಲಿಯೇ ದಾಖಲಿಸಲಾಗಿದೆ.

೪. ಹೀಗಿರಲು ಕಳೆದ ತಿಂಗಳು ಅರ್ಜಿ ಬರೆದವನು ಎದೆನೋವೆಂದು ಆಸ್ಪತ್ರೆ ಸೇರಿದ. ಮನೆಯಲ್ಲಿ ಅರ್ಜಿದಾರಳು ಒಬ್ಬಳೇ. ಆ ರಾತ್ರಿ ಯಾರೋ ಬಂದು ಬಾಗಿಲ ಚಿಲಕ ಅಲ್ಲಾಡಿಸಿ ಹೋದರು. ಸುದ್ದಿ ಕೇಳಿ ಮರುದಿನ ಬಂದವರು ತಾವೊಬ್ಬರೇ.

"ಅಕ್ಕಾ, ಯಜಮಾನ್ರದ್ದೊಂದು ನಿಲುವಂಗಿ ಹಗ್ಗಕ್ಕೆ ಹಾಕ್ಬಿಡಿ. ಮನೇಲಿ ಗಂಡಸಿದಾನೆ ಅನ್ಕೊಂಡು ಯಾರೂ ತಂಟೆಗೆ ಬರಲ್ಲ. ನಮ್ಮೋರು ತೀರ್ಕೊಂಡಾಗಿಂದ ನಾನು ಅದನ್ನೇ ಮಾಡ್ತಿರೋದು. ಒಣಗಿದ್ದನ್ನೇ ನೆನೆಸಿ ಮತ್ತೆ ಹಾಕ್ತೀನಿ," ಎಂದಿರಿ.

ಅರ್ಜಿದಾರಳು ತಮ್ಮ ಮುಖದ ಮುಂದೆಯೇ ಬಾಗಿಲು ಹಾಕಿಕೊಂಡಳು. ನಿಲುವಂಗಿಯನ್ನು ಮಾತ್ರ ಹಗ್ಗಕ್ಕೆ ಹಾಕಿದಳು.

೫. ಅವತ್ತಿನಿಂದ ತಮ್ಮನ್ನು ಕಂಡರೆ ಅವಳು ಪರದೆ ಹಿಂದೆ ಸರಿಯುತ್ತಾಳೆ. ತಾವು ಅದನ್ನು ಸೊಕ್ಕೆಂದು ತಿಳಿದಿರಬಹುದು. ಅದು ನಾಚಿಕೆ.

"ಯಾವ ಮುಖ ಇಟ್ಕೊಂಡು ಅವಳ ಮುಂದೆ ನಿಲ್ಲಲಿ ರೀ? ಗಂಡನ್ನ ಕಳ್ಕೊಂಡೋಳ ಬಗ್ಗೆ ಏನೆಲ್ಲ ಅಂದ್ಕೊಂಡ್ಬಿಟ್ಟೆ. ಇನ್ನು ಅವಳು ನನ್ನ ಮನೆ ಮೆಟ್ಟಿಲು ತುಳೀತಾಳಾ?" ಎಂದು ಅಳುತ್ತಾಳೆ. ಗಂಡ ಆಸ್ಪತ್ರೆ ಸೇರಿದಾಗಲೂ ಇಷ್ಟು ಅತ್ತ ಬಗ್ಗೆ ಮಾಹಿತಿ ಇಲ್ಲ.

ಕಾರಣ, ತಮ್ಮ ಮೇಲಿನ ಸಕಲ ಅನುಮಾನ, ಊಹೆ ಮತ್ತು ತೀರ್ಪುಗಳನ್ನು ಅರ್ಜಿದಾರಳು ಹಿಂಪಡೆದಿದ್ದಾಳೆ. ಇದನ್ನು ಬರೆಸುವಾಗಲೂ ಕಿಟಕಿಯಾಚೆ ತಮ್ಮ ಹಗ್ಗ ನೋಡಿ, "ಬೆಡ್‌ಶೀಟು ಸರಿಯಾಗಿ ಹಿಂಡೇ ಇಲ್ಲ, ನೀರು ತೊಟ್ಟಿಕ್ತಿದೆ" ಎಂದಳು. ಕೂಡಲೇ ಬಾಯಿ ಮುಚ್ಚಿಕೊಂಡು, "ಅದನ್ನೂ ಹಿಂದಕ್ಕೆ ತಗೊಂಡೆ, ಬರ್ಕೊಳ್ಳಿ" ಎಂದಳು. ಬರೆದುಕೊಳ್ಳಲಾಗಿದೆ. ಇಂಥ ಯೋಚನೆಗಳು ಇನ್ನೂ ಬರುತ್ತವೆ, ಬಂದ ದಾರಿಯಲ್ಲೇ ಕಳಿಸಿಬಿಡುತ್ತೇನೆ ಎನ್ನುತ್ತಾಳೆ. ಪ್ರಯತ್ನದಲ್ಲಿದ್ದಾಳೆ.

ಆದ್ದರಿಂದ ತಾವು ದಯಮಾಡಿ ಈ ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಬರಬೇಕು.

ಇಂದಿನಿಂದ ತಮ್ಮ ವಿಶ್ವಾಸಿಯಾಗಲು ಬಯಸುವ,
ಇನ್ಶಿರಾಹ್

ಲಗತ್ತುಗಳು:
೧. ಅನ್ನ ತುಂಬಿ ಸುತ್ತಿದ ದ್ರಾಕ್ಷಿ ಎಲೆ, ಒಂದು ಪಾತ್ರೆ.
೨. ತಮ್ಮ ಹಗ್ಗದಿಂದ ಓಣಿಗೆ ಬಿದ್ದಿದ್ದ ಬಟ್ಟೆ ಕ್ಲಿಪ್ಪುಗಳು. ಎತ್ತಿಟ್ಟುಕೊಂಡು ಬೇಕೆಂದೇ ಕೊಟ್ಟಿರಲಿಲ್ಲ.

ವಿಶೇಷ ಸೂಚನೆ (ಅರ್ಜಿದಾರಳಿಗೆ ಓದಿ ಹೇಳಿಲ್ಲ): ತಾವು ಬಂದ ಕೂಡಲೇ, ಊಟಕ್ಕೆ ಮೊದಲು, ಅರ್ಜಿದಾರಳನ್ನು ಎದುರಿಗೆ ಕೂರಿಸಿಕೊಂಡು ಸರಿಯಾಗಿ ಬೈಯಬೇಕು. ಏನೂ ಅನ್ನದೆ ಕ್ಷಮಿಸಿಬಿಟ್ಟರೆ, ತಾವು ಮನಸ್ಸಿನಲ್ಲಿ ಏನಿಟ್ಟುಕೊಂಡಿರಬಹುದೆಂದು ಅವಳು ಮತ್ತೆ ಅಂದುಕೊಳ್ಳಲು ಶುರುಮಾಡುತ್ತಾಳೆ. ಇನ್ನೊಂದು ಅರ್ಜಿ ಬರೆಯುವಷ್ಟು ಶಕ್ತಿ ಅರ್ಜಿ ಬರೆದವನ ಎದೆಗೆ ಸದ್ಯಕ್ಕಿಲ್ಲವಾದ್ದರಿಂದ, ಇದನ್ನು ತುರ್ತೆಂದು ಪರಿಗಣಿಸಬೇಕಾಗಿ ವಿನಂತಿ.