ಟರ್ಬೊಗೆ ಎರಡು ನಿಮಿಷ, ಹಿರಿಯರಿಗೆ ಶರಣು

ಸಿಟ್ಟಿನ ವಿಷಯದಲ್ಲಿ ನಾನು ಬಡವಳಲ್ಲ. ಬೆಳಿಗ್ಗೆ ಏಳುವಾಗಲೇ ದಿನಕ್ಕೆ ಬೇಕಾಗುವಷ್ಟು ಸಿಟ್ಟು ನನ್ನ ಹತ್ತಿರ ತಯಾರಿರುತ್ತದೆ, ಯಾರ ಮೇಲೆ ಹಾಕಬೇಕು ಎಂಬುದಷ್ಟೇ ಬಾಕಿ. ಲೋಕದ ಜನ ಮೊದಲು ವಿಚಾರಣೆ ಮಾಡಿ ಆಮೇಲೆ ತಪ್ಪು ಯಾರದು ಎಂದು ತೀರ್ಮಾನಿಸುತ್ತಾರಂತೆ. ನನ್ನದು ಉಲ್ಟಾ. ಮೊದಲು ತೀರ್ಮಾನ, ಬೇಕಾದರೆ ಆಮೇಲೆ ವಿಚಾರಣೆ. ಇದರಿಂದ ಎಷ್ಟೋ ಹೊತ್ತು ಉಳಿಯುತ್ತದೆ. ನನ್ನ ಗಂಡ ಈ ಪದ್ಧತಿಗೆ ಇಪ್ಪತ್ತೇಳು ವರ್ಷಗಳಿಂದ ಒಗ್ಗಿಹೋಗಿದ್ದಾರೆ. ಆದ್ದರಿಂದ ನಮ್ಮ ಗಾಡಿಯ ಟರ್ಬೊ ಎರಡನೆಯ ಸಲ ಶಿಳ್ಳೆ ಹಾಕಿದ ದಿನ ನಾನು ಬೇರೆ ಯಾರನ್ನೂ ಹುಡುಕಲಿಲ್ಲ, ಸೀದಾ ಅವರನ್ನೇ ಹಿಡಿದುಕೊಂಡೆ.

ಗಾಡಿ ಎಂದರೆ ಹದಿನೆಂಟು ವರ್ಷ ಹಳೆಯ ಟರ್ಬೊ ಡೀಸೆಲ್ ಜೀಪು. ನಾನು ಬೀದರ ಕಡೆಯವಳು, ಗಡಿಯಾಚೆ ಮಹಾರಾಷ್ಟ್ರದ ಗುಂಜೋಟಿಗೆ ಸೊಸೆಯಾಗಿ ಬಂದವಳು. ಮನೆಗೆ ಹೊಲವಿದೆ, ತೊಗರಿ ಇದೆ, ಸೋಯಾ ಇದೆ, ಅವೆಲ್ಲ ಗಂಡಸರ ಮಾತು. ನನ್ನದು ಅಂತ ಇರುವುದು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮತ್ತು ಅಗಸಿ ಚಟ್ನಿಯ ಡಬ್ಬಿಗಳು. ವಾರಕ್ಕೊಮ್ಮೆ ಅವನ್ನು ತುಂಬಿಕೊಂಡು ಉಮರ್ಗಾ, ನಿಲಂಗಾ, ವಲಾಂಡಿ, ಉದಗೀರದ ಅಂಗಡಿಗಳಿಗೆ ನಾನೇ ಗಾಡಿ ಹೊಡೆದುಕೊಂಡು ಹೋಗುತ್ತೇನೆ. ಮೊದಲು ಒಬ್ಬ ಡ್ರೈವರ್ ಇದ್ದ. ಅವನು ನನ್ನ ಸಿಟ್ಟು ತಾಳದೆ ಬಿಟ್ಟು ಹೋದ ಮೇಲೆ, ತೊಗರಿ ಕೊಯ್ದ ಖಾಲಿ ಹೊಲದಲ್ಲಿ ಹತ್ತು ದಿನ ಗಾಡಿಯನ್ನು ಕಟ್ಟೆಗೆ ಬಡಿದು, ಬದುವಿಗೆ ಹತ್ತಿಸಿ ಕಲಿತುಕೊಂಡೆ. ಸ್ಟಿಯರಿಂಗ್ ಹಿಡಿದು ನಿಲಂಗಾ ರಸ್ತೆಗೆ ಬಿದ್ದಾಗ ನನಗೆ ಆಗುವ ಸಂತೋಷವನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಅದಕ್ಕೂ ಯಾರಾದರೂ ಒಂದು ನಿಯಮ ಮಾಡುತ್ತಾರೆ.

ಹೋದ ವರ್ಷ ಮೊದಲ ಟರ್ಬೊ ಶಿಳ್ಳೆ ಹಾಕಿ ಹಾಕಿ ಪೂರ್ತಿ ಸತ್ತು ಗಾಡಿ ವಲಾಂಡಿಯ ಹತ್ತಿರ ನಿಂತುಬಿಟ್ಟಿತು. ಡಬ್ಬಿಗಳ ಸಮೇತ ನನ್ನನ್ನು ಯಾರದೋ ಟೆಂಪೋದಲ್ಲಿ ಮನೆಗೆ ತಂದರು. ಆಗ ನಮ್ಮ ದೊಡ್ಡ ಮಾವ, ಅಂದರೆ ನನ್ನ ಮಾವನವರ ಅಣ್ಣ, ಮನೆಗೆ ಹಿರಿಯರು, ಅಂಗಳದಲ್ಲಿ ನಿಂತು ತೀರ್ಪು ಕೊಟ್ಟರು: "ಹೊಸಾದು ಹಾಕಸ್ರಿ, ಬ್ಯಾಡ ಅನ್ನಲ್ಲ. ಆದ್ರ ಇನ್ನೊಂದ್ ಸಲ ಕೆಟ್ಟು ನಿಂತರ ಹಳೇ ಕಬ್ಬಿಣದಾಗ ಹಾಕಿಬಿಡ್ರಿ. ಹೆಣ್ಮಕ್ಕಳು ಊರೂರು ಗಾಡಿ ಹೊಡಕೋತ ಹೋಗೋದೂ ನಿಂದರ್ತದ." ಒಂದೇ ಉಸಿರಿನಲ್ಲಿ ಗಾಡಿಯನ್ನೂ ನನ್ನನ್ನೂ ಗುಜರಿಗೆ ಹಾಕಿದರು. ನಾನು ಸೆರಗು ಸರಿಮಾಡಿಕೊಂಡು "ಹೂಂ ರೀ" ಅಂದೆ. ಒಳಗೆ ಹೋಗಿ ಖಾರ ಕುಟ್ಟಿದ ರಭಸಕ್ಕೆ ಒರಳು ಒಡೆಯದೆ ಉಳಿದದ್ದೇ ದೊಡ್ಡದು.

ಉಮರ್ಗಾದಲ್ಲಿ ಗ್ಯಾರೇಜು ಇಟ್ಟಿರುವ ಇಸ್ಮಾಯಿಲ್ ಚಾಚಾ ಹೊಸ ಟರ್ಬೊ ಕೂಡಿಸಿ ಒಂದು ಬುದ್ಧಿ ಹೇಳಿ ಕಳಿಸಿದ್ದರು. ಟರ್ಬೊ ಎಂದರೆ ಎಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ಗಿರಗಿರ ತಿರುಗಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ಚಕ್ರ. "ಅಕ್ಕೋರೆ, ಗಾಡಿ ಬಂದ್ ಮಾಡಿದ್ರ ಎಣ್ಣಿ ಹರಿಯೋದು ನಿಂದರ್ತದ. ಆದ್ರ ಆ ಚಕ್ರ ಇನ್ನಾ ತಿರಗ್ತಿರ್ತದ, ಕೆಂಪಗ ಕಾದಿರ್ತದ. ಎಣ್ಣಿ ಇಲ್ದ ತಿರಗಿದ್ರ ಬೇರಿಂಗ್ ತಿಂತದ. ಗಾಡಿ ಓಡಿ ಬಂದು ನಿಂತ ಮ್ಯಾಲ ಎರಡ್ ಮಿನಿಟ್ ಸುಮ್ನ ಚಾಲೂ ಬಿಡ್ರಿ, ಆರ್ಲಿ, ಆಮ್ಯಾಲ ಬಂದ್ ಮಾಡ್ರಿ." ಇಷ್ಟೇ.

ನಾನು ಆ ಮಾತನ್ನು ಕಾಗದದ ಮೇಲೆ ದಪ್ಪಗೆ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿದೆ. ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ಮರಾಠಿ ನನ್ನ ಸೊಸೆ ಪಲ್ಲವಿಗೋಸ್ಕರ. ಅವಳು ನಿಲಂಗಾದ ಹುಡುಗಿ, ಹೋದ ವರ್ಷ ನನ್ನ ಮಗನನ್ನು ಮದುವೆಯಾಗಿ ಬಂದವಳು, ನನ್ನ ಜೊತೆ ಹಿಂಡಿಯನ್ನೂ ಗಾಡಿಯನ್ನೂ ಕಲಿಯುತ್ತಿರುವವಳು. ಅಂದಿನಿಂದ ನಮ್ಮ ಅಂಗಳದಲ್ಲಿ ಎರಡು ನಿಮಿಷದ ವ್ರತ ಶುರುವಾಯಿತು. ಗಾಡಿ ಬಂದು ನಿಂತರೆ ಯಾರೂ ಕೀಲಿ ಮುಟ್ಟುವಂತಿಲ್ಲ. ಪಲ್ಲವಿ ತೊಡೆಯ ಮೇಲೆ ಕೈ ಇಟ್ಟು ಕೂರಬೇಕು, ನಾನು ಗಡಿಯಾರ ನೋಡಬೇಕು, ಇವರ ಚಹಾ ಒಳಗೆ ಆರಬೇಕು. ಒಮ್ಮೆ ಅವಳ ಕೈ ಕೀಲಿಯ ಕಡೆ ಹೋಯಿತೆಂದು ಅರ್ಧ ಓಣಿಗೆ ಕೇಳುವಂತೆ ಕೂಗಿದ್ದೆ.

ಇಷ್ಟೆಲ್ಲ ಮಾಡಿಯೂ ವರ್ಷ ತುಂಬುವ ಮೊದಲೇ, ನಿಲಂಗಾ ದಾಟಿದ ಏರಿನಲ್ಲಿ ಮತ್ತೆ ಅದೇ ಶಿಳ್ಳೆ. ಹಿಂದೆ ನೀಲಿ ಹೊಗೆ. ಕಾಲು ಎಷ್ಟು ಒತ್ತಿದರೂ ಗಾಡಿಗೆ ಜೀವ ಇಲ್ಲ. ಕಬ್ಬು ತುಂಬಿದ ಒಂದು ಟ್ರ್ಯಾಕ್ಟರ್ ನನ್ನನ್ನು ಹಿಂದೆ ಹಾಕಿ ಹೋಯಿತು. ಟ್ರ್ಯಾಕ್ಟರ್ ಕಣ್ರೀ! ಅದನ್ನು ಹೊಡೆಯುತ್ತಿದ್ದವನು ತಿರುಗಿ ನೋಡಿ ನಕ್ಕ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ, ಸಿಕ್ಕರೆ ಬಿಡುವುದಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ, "ನೀವೇ ಕೆಡಿಸೀರಿ. ಇಳಿಜಾರಿನಾಗ ಡೀಸೆಲ್ ಉಳಸ್ಲಾಕ ಗಾಡಿ ಬಂದ್ ಮಾಡ್ತೀರಿ, ನನಗ ಗೊತ್ತದ."

"ನಾ ಗಾಡಿ ಮುಟ್ಟಿ ಆರು ತಿಂಗಳಾತು," ಅಂದರು ಅವರು. "ನೀ ಎಲ್ಲಿ ಮುಟ್ಟಗೊಡ್ತಿ?"

ಮಾತು ನಿಜವೇ. ಆದರೆ ತೀರ್ಮಾನ ಆಗಿಹೋಗಿತ್ತು. "ಮುಟ್ಟದೇ ಕೆಡಿಸೀರಿ," ಅಂದೆ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು.

ಮರುದಿನ ಚಾಚಾ ಪೈಪು ಬಿಚ್ಚಿ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿದರು. "ಪೂರಾ ಸತ್ತಿಲ್ಲ, ಸಾಯ್ಲಾಕ ಹೊಂಟದ. ಬೇರಿಂಗ್ ಹಾಕಿದ್ರ ಉಳೀತದ. ಆದ್ರ ಹಿಂಗೇ ಹೊಡದ್ರ ಮತ್ತ ಆರು ತಿಂಗಳಾಗ ಇಲ್ಲೇ ಬರ್ತೀರಿ. ಎರಡ್ ಮಿನಿಟ್ ಬಿಡ್ತೀರಿಲ್ಲೋ?"

ನನಗೆ ಮೈ ಉರಿಯಿತು. "ಗುರುವಿನ ಆಣಿ ಮಾಡಿ ಹೇಳ್ತೀನಿ ಚಾಚಾ, ಒಂದ್ ದಿನಾ ತಪ್ಪಿಸಿಲ್ಲ. ನೀವು ಹಾಕಿದ ಮಾಲೇ ಖೋಟಾ."

ಚಾಚಾ ಸಿಟ್ಟಾಗಲಿಲ್ಲ. ಬೇರಿಂಗ್ ಹಾಕಿದ ದಿನ, "ನಾ ನಿಮ್ಮ ಬಾಜೂ ಕೂಡ್ತೀನಿ, ತುರೋರಿತನ ಹೋಗಿ ಬರೋಣು" ಅಂದರು. ಹೊರಟೆವು. ಉಮರ್ಗಾ ದಾಟುವಷ್ಟರಲ್ಲಿ, ಪೇಟೆಗೆ ಬಂದಿದ್ದ ನಮ್ಮ ಓಣಿಯ ಹಿರಿಯರೊಬ್ಬರು ಕೈ ಎತ್ತಿದರು. ನಿಲ್ಲಿಸಿದೆ. "ಶರಣ್ರೀ ಕಾಕಾ." "ಶರಣು ಯವ್ವಾ. ಎಲ್ಲಿಗಿ ಹೊಂಟಿ?" "ತುರೋರಿಗ್ರೀ." "ಹಾಂ, ಹೋಗಿ ಬಾ." ಮುಂದೆ ನಮ್ಮ ಹೊಲದ ನೆರೆಯವರು ಸಿಕ್ಕರು. ಆಮೇಲೆ ಗಂಡನಿಗೆ ಸೋದರಮಾವ ಆಗಬೇಕಾದವರು. ತುರೋರಿಯ ಚಹಾದಂಗಡಿಯ ಮುಂದೆ ಒಬ್ಬರು, ಅದನ್ನು ದಾಟಿದ ಮೇಲೆ ಇನ್ನೊಬ್ಬರು. ಬರುವಾಗ ಎರಡು ಕಡೆ ಮತ್ತಿಬ್ಬರು. ಚಾಚಾ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಗ್ಯಾರೇಜಿಗೆ ಬಂದ ಮೇಲೆ ನಾನು ಕಾಗದದಲ್ಲಿ ಬರೆದಂತೆ ಗಡಿಯಾರ ನೋಡಿ ಎರಡು ನಿಮಿಷ ಬಿಟ್ಟೆ. ಅವರು ಎರಡೂ ಕೈ ನನ್ನ ಮುಂದೆ ಹಿಡಿದರು. ಏಳು ಬೆರಳು ಮಡಚಿದ್ದರು.

"ಏಳ್ ಸಲ ಬಂದ್ ಮಾಡೀರಿ ಅಕ್ಕೋರೆ. ಗಾಡಿ ಕಾದಿದ್ದಾಗೇ, ನಿಂತ ಕೂಡ್ಲೇ."

"ನಾ? ನಾ ಎಲ್ಲಿ ಬಂದ್ ಮಾಡೀನಿ?"

"ಶರಣು ಅನ್ನೋ ಹೊತ್ತಿಗಿ."

ನಾನು ನನ್ನ ಬಲಗೈ ನೋಡಿಕೊಂಡೆ. ನಮ್ಮ ಕಡೆ ಹಿರಿಯರು ಎದುರಿಗೆ ನಿಂತಾಗ ಗಾಡಿ ಚಾಲೂ ಇಟ್ಟು ಮಾತಾಡುವುದೆಂದರೆ, "ಲಗೂನ ಮುಗಸ್ರಿ, ನನಗ ಕೆಲಸ ಅದ" ಎಂದು ಮುಖಕ್ಕೆ ಹೇಳಿದಂತೆ. ನಮ್ಮ ಮಾವನವರು ಬಂಡಿಯಿಂದ ಇಳಿಯುತ್ತಿದ್ದರು, ನನ್ನ ಗಂಡ ಸೈಕಲ್ಲಿನಿಂದ ಇಳಿಯುತ್ತಿದ್ದರು, ನಮ್ಮ ಕಾಲಕ್ಕೆ ಆ ಮರ್ಯಾದೆ ಕೀಲಿಗೆ ಬಂದು ಕೂತಿದೆ. ಗಂಡಸರು ಗಾಡಿ ನಿಂತ ಮೇಲೆ ಬಂದ್ ಮಾಡಿದರೆ ಸೊಸೆಯಂದಿರು ಗಾಡಿ ಪೂರ್ತಿ ನಿಲ್ಲುವ ಮೊದಲೇ ಮಾಡಬೇಕು. ನನ್ನ ಎಡಗೈ ಸೆರಗು ಎಳೆಯುತ್ತದೆ, ಬಲಗೈ ಕೀಲಿ ತಿರುಗಿಸುತ್ತದೆ, ಎರಡೂ ನನ್ನನ್ನು ಕೇಳುವುದಿಲ್ಲ. ಅಂಗಳದಲ್ಲಿ ವ್ರತ ಹಿಡಿದವಳು ದಾರಿಯುದ್ದಕ್ಕೂ ಟರ್ಬೊವಿನ ಕತ್ತು ಹಿಸುಕಿದ್ದೆ.

ತಪ್ಪು ನನ್ನದೆಂದು ಗೊತ್ತಾದಾಗ ಬರುವ ಸಿಟ್ಟು ಉಳಿದೆಲ್ಲಕ್ಕಿಂತ ಜೋರು. "ಏಳ್ ಸಲ ಬಂದ್ ಮಾಡೋತನ ಸುಮ್ನ ಬೆರಳ ಮಡಚಕೋತ ಕೂತಿದ್ರೇನು?" ಎಂದು ಚಾಚಾನ ಮೇಲೆ ಹರಿಹಾಯ್ದೆ. "ಹಿರೇರು ಮಾತಾಡ್ಲಕತ್ತಿದ್ರು," ಅಂದರು ಚಾಚಾ, "ನಡಬರಕ ನಾ ಹ್ಯಾಂಗ ಬಾಯಿ ಹಾಕ್ಲಿ?"

ಆ ವಾರ ಉದಗೀರದಿಂದ ಬರುವಾಗ ಊರ ಅಗಸಿ ಬಾಗಿಲಿನ ಕಟ್ಟೆಯ ಮುಂದೆ ದೊಡ್ಡ ಮಾವನವರೇ ಕೈ ಎತ್ತಿದರು. ನಿಲ್ಲಿಸಿದೆ. ಬಲಗೈ ಕೀಲಿಗೆ ಹೊರಟಿತು, ಎಡಗೈಯಿಂದ ಅದನ್ನು ಹಿಡಿದುಕೊಂಡೆ. "ಶರಣ್ರೀ ಮಾವ." ಅವರು ನನ್ನ ಮುಖ ನೋಡದೆ ಬಾನೆಟ್ ನೋಡುತ್ತಾ ನಿಂತರು. ಗಾಡಿ ಡುಗುಡುಗು ಅನ್ನುತ್ತಿತ್ತು. ಕಟ್ಟೆಯ ಮೇಲಿನವರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಅಂಜಿಕೆಯಾಯಿತು, ಅಂಜಿಕೆಯ ಹಿಂದೆಯೇ ಸಿಟ್ಟು ಬಂತು. ಗಾಡಿ ಚಾಲೂ ಬಿಟ್ಟು ಕೆಳಗಿಳಿದು ಅವರ ಎದುರಿಗೆ ನಿಂತೆ.

"ಮಾವ, ಬೇಮರ್ಯಾದಿ ಮಾಡ್ಲಾಕಲ್ರೀ. ಇದು ಎರಡ್ ಮಿನಿಟ್ ಆರಬೇಕು. ಈಗ ಬಂದ್ ಮಾಡಿದ್ರ ಇದು ಸಾಯ್ತದ. ಇದು ಸತ್ತರ ನೀವು ಹಳೇ ಕಬ್ಬಿಣದಾಗ ಹಾಕ್ತೀರಿ. ಹಿಂಗಾಗಿ ನಾ ಬಂದ್ ಮಾಡಲ್ರೀ."

ಕಟ್ಟೆಯಲ್ಲಿ ಯಾರೋ ಕೆಮ್ಮಿದರು. ದೊಡ್ಡ ಮಾವ ಕೈಗಡಿಯಾರ ನೋಡಿದರು, ಮತ್ತೆ ಬಾನೆಟ್ ನೋಡಿದರು. "ಆತೇನು?" ಅಂದರು. "ಇನ್ನಾ ಇಲ್ರೀ." ನಿಂತರು. ನಾನೂ ನಿಂತೆ. ಎರಡು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಹೋಗಿ ಬಂದ್ ಮಾಡಿ ಬಂದೆ. ಆಗ ಅವರು ಬಾಯಿ ಬಿಟ್ಟರು: "ಈ ಸಲದ ಹಿಂಡಿಯಾಗ ಉಪ್ಪು ಜಾಸ್ತಿ ಆಗ್ಯಾದ." ಅಷ್ಟು ಹೇಳಲಿಕ್ಕೇ ನಿಲ್ಲಿಸಿದ್ದಂತೆ. ಅಂದಿನಿಂದ ಅವರು ಕೈ ಎತ್ತಿದರೆ ಎರಡು ನಿಮಿಷ ಮಾತಾಡುವುದಿಲ್ಲ, ಅವರನ್ನು ನೋಡಿ ಊರೂ ಕಲಿಯಿತು. ನಾನು ಗೆದ್ದೆನೆಂದು ಬಹಳ ಹಿಗ್ಗಿದೆ. ಪಲ್ಲವಿಗಂತೂ ಹತ್ತು ಸಲ ಹೇಳಿದೆ, "ಯಾರರೇ ಬರ್ಲಿ, ಎರಡ್ ಮಿನಿಟ್ ಅಂದ್ರ ಎರಡ್ ಮಿನಿಟ್."

ಮೊನ್ನೆ ಅವಳು ಮೊದಲ ಸಲ ಒಬ್ಬಳೇ ಉದಗೀರಕ್ಕೆ ಹೋಗಿದ್ದಳು. ನಾನು ಬಸ್ಸಿನಲ್ಲಿ ತುರೋರಿಗೆ ಹೋಗಿ ಒಣಮೆಣಸಿನಕಾಯಿ ಕೊಂಡು, ಪರಿಚಯದ ನಾಲ್ಕು ಹೆಂಗಸರ ಜೊತೆ ಅಂಗಡಿಯ ಮುಂದೆ ನಿಂತಿದ್ದೆ. ನನ್ನನ್ನು ಕರೆದುಕೊಂಡು ಹೋಗಲು ಗಾಡಿ ಬಂದು ನಿಂತಿತು. ಪಲ್ಲವಿ ಗಾಜು ಇಳಿಸಿ, ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ನಕ್ಕಳು. "ಅತ್ತೀ, ಎಲ್ಲಾ ಡಬ್ಬಿ ಹೋದ್ವು ನೋಡ್ರಿ! ಸಗಳಾ ಮಾಲ್ ಸಂಪಲಾ!" ಗಾಡಿ ಡುಗುಡುಗು ಅನ್ನುತ್ತಲೇ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನೆತ್ತಿಗೇರಿತು.

"ಅತ್ತಿ ಮುಂದ ನಿಂತಾಳ, ಕಣ್ಣ ಕಾಣ್ಸಲ್ಲೇನು? ಮೊದಲ ಗಾಡಿ ಬಂದ್ ಮಾಡು!"

ಅವಳು ನನ್ನನ್ನು ನೋಡಿದಳು. ಆಮೇಲೆ ಮುಂದೆ ಅಂಟಿಸಿದ್ದ ಕಾಗದವನ್ನು ನೋಡಿದಳು, ಅದರಲ್ಲಿದ್ದ ನನ್ನ ಅಕ್ಷರಗಳನ್ನು. "ಹೋ ಅತ್ತಿ," ಎಂದು ಕೀಲಿ ತಿರುಗಿಸಿದಳು. ಸದ್ದೆಲ್ಲ ನಿಂತ ಮೇಲೆ, ಬಾನೆಟ್ಟಿನ ಒಳಗೆ ಆ ಚಕ್ರ ಇನ್ನೂ ಒಣಗಿ ತಿರುಗುತ್ತಾ ಸಣ್ಣಗೆ ಕೊರಗುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳಿಗೂ ಕೇಳಿಸಿರಬೇಕು.

ತಪ್ಪು ಯಾರದು ಎಂದು ನಾನು ಹುಡುಕುತ್ತಾ ಕೂರುವವಳಲ್ಲ. ಮನೆಗೆ ಬಂದವಳೇ ಸೀದಾ ಗಂಡನನ್ನು ಹಿಡಿದುಕೊಂಡೆ.