ಬೆತ್ತ ಹಿಡಿದು ದೋಸ್ತಿ ಮಾಡಿದ ಇಂಗ್ಲಿಷ್ ಉಸ್ತಾದ್

ಪ್ರತಿ ಶಾಲೆಗೂ ಒಬ್ಬ ಮೂರ್ಖ ಇದ್ದೇ ಇರುತ್ತಾನೆ. ನಮ್ಮಲ್ಲಿ ಅವನಿಗೆ ಕುರ್ಚಿ ಕೊಟ್ಟು ಕೂಡಿಸಿದ್ದೆವು. ನಿಜಾಮರ ಕಾಲ. ಕಲಬುರಗಿಯ ಮಸೀದಿಯೊಂದರ ಮಗ್ಗುಲಿನ ಮದರಸಾದಲ್ಲಿ ನಾನು ಲೆಕ್ಕದ ಮಾಸ್ತರ. ಹುಡುಗರಿಗೆ ಇಂಗ್ಲಿಷ್ ಮಾತಾಡಲು ಕಲಿಸಲೆಂದು ಹೈದರಾಬಾದಿನಿಂದ ಒಬ್ಬ ಉಸ್ತಾದರು ಬಂದರು. ವರ್ಷದೊಳಗೆ ಹುಡುಗರು ಬಾಯಿಬಿಟ್ಟರೆ ನೌಕರಿ ಕಾಯಂ, ಇಲ್ಲದಿದ್ದರೆ ಗಂಟುಮೂಟೆ.

೧. ಅದಬು

ಗುರುವಿನೆದುರು ತಲೆ ತಗ್ಗಿಸಿ ಸುಮ್ಮನಿರುವುದೇ ಅದಬು, ಅಂದರೆ ಮರ್ಯಾದೆ. ಇದನ್ನು ನಮ್ಮ ಹುಡುಗರಿಗೆ ಹಾಲಿನ ಜೊತೆಗೇ ಕುಡಿಸಿರುತ್ತಾರೆ. ಈ ಮಹಾಶಯರು ಬಾಯಿ ತೆರೆದವನಿಗೆ ಬೇಅದಬಿ ಎಂದು ಅಂಗೈಗೆ ಒಂದೇಟು, ಇಂಗ್ಲಿಷ್ ತಪ್ಪೆಂದು ಇನ್ನೊಂದೇಟು ಬಿಗಿದರು. ಸುಮ್ಮನಿದ್ದವನಿಗೆ ಒಂದೇ. ಸಂಜೆ ನನ್ನ ಹತ್ತಿರ ಬಂದು, ಎಲ್ಲಾ ಮೂಕರನ್ನೇ ತುಂಬಿಟ್ಟೀರಿ ಎಂದು ಗೋಳಾಡಿದರು. ಯಾಕೋ ಮಾತಾಡೋದಿಲ್ಲ ಎಂದು ನಾನೊಬ್ಬ ಹುಡುಗನನ್ನು ಕೇಳಿದೆ.

"ಮಾತಾಡಿದ್ರ ಎರಡು, ಸುಮ್ಕಿದ್ರ ಒಂದು. ಲೆಕ್ಕ ನೀವೇ ಕಲಿಸೀರಲ್ರಿ," ಅಂದ.

೨. ದೋಸ್ತಿ

ಹುಡುಗರ ಜೊತೆ ದೋಸ್ತಿ ಮಾಡಿರಿ, ನಗಿಸಿರಿ, ಹೊಟ್ಟೆಗೆ ಹಾಕಿರಿ ಎಂದು ನಾನು ಮುಖ ಗಂಭೀರ ಮಾಡಿ ಉಪದೇಶಿಸಿದೆ. ಮರುದಿನವೇ ಅವರು ಬೆತ್ತ ಮೇಜಿಗೆ ಕುಟ್ಟಿ, ಇಂದಿನಿಂದ ನಾವು ದೋಸ್ತರು, ನಗದವನನ್ನು ನೋಡಿಕೊಳ್ಳುತ್ತೇನೆ ಎಂದು ಸಾರಿದರು. ಹುಡುಗರು ಸತ್ತವರ ಮನೆಗೆ ಬಂದವರ ಹಾಗೆ ನಕ್ಕರು.

ಆಮೇಲೆ ಬಂಡಿ ಕಟ್ಟಿಸಿ ಹುಡುಗರನ್ನೂ ನನ್ನನ್ನೂ ಕಮಲಾಪುರದ ಕೆಂಪು ಬಾಳೆ ತೋಟಕ್ಕೆ ಕರೆದೊಯ್ದರು. ಇಂಗ್ಲಿಷಿನಲ್ಲಿ ಕೇಳಿದವನಿಗೆ ಹಣ್ಣು. ಹಸಿದರೂ ಯಾರೂ ತುಟಿ ಬಿಚ್ಚಲಿಲ್ಲ. ಹೇಗೆ ಕೇಳಬೇಕೆಂದು ತೋರಿಸಲು ಉಸ್ತಾದರು ತಾವೇ ಕೇಳಿದರು, ತಾವೇ ಕೊಟ್ಟರು, ತಾವೇ ತಿಂದರು. ಪಾಠ ಮುಗಿದಾಗ ಇಡೀ ಗೊನೆ ಮುಗಿದಿತ್ತು. ಬೇಕಾದರೆ ನಂಬಿರಿ. ಮರಳುವಾಗ ಎತ್ತುಗಳು ಏರಿನಲ್ಲಿ ನಿಂತೇಬಿಟ್ಟವು. ಗೊನಿ ಹೇರೀರೇನ್ರಿ ಎಂದು ಬಂಡಿಯವನು ಕೇಳಿದ.

"ಹೇರೇವಪಾ," ಅಂದೆ, "ಒಬ್ಬರ ಹೊಟ್ಟ್ಯಾಗ."

೩. ತಪಾಸಣೆ

ವರ್ಷದ ಕೊನೆಗೆ ತಪಾಸಣೆಯ ಸಾಹೇಬರು ಬಂದರು. ನಮ್ಮ ಉಸ್ತಾದರ ಶೇರವಾನಿ ಬೆವರಿಗೆ ಬೆನ್ನಿಗಂಟಿತ್ತು. ಸಾಹೇಬರು ಮುಂದಿನ ಹುಡುಗನಿಗೆ ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಹುಡುಗ ಎದ್ದು, ತಲೆ ತಗ್ಗಿಸಿ, ಅಂಗೈ ಚಾಚಿ, "ಸಾರಿ, ಸರ್," ಅಂದ. ಉಚ್ಚಾರ ಲಂಡನ್ನಿನದೇ! ಎರಡನೆಯವನದೂ ಅದೇ. ಮೂರನೆಯವನು ಕೇಳುವ ಮೊದಲೇ ಚಾಚಿದ. ನೋಡುನೋಡುತ್ತ ಇಡೀ ತರಗತಿಯ ಕೈ ಮುಂದೆ ಬಂತು.

ಸಾಹೇಬರು ಉಸ್ತಾದರ ಕಡೆ ತಿರುಗಿ, ವರ್ಷವಿಡೀ ಏನು ಕಲಿಸಿದಿರಿ ಎಂದು ಇಂಗ್ಲಿಷಿನಲ್ಲೇ ಗುಡುಗಿದರು. ಉಸ್ತಾದರೂ ಯಾರ ಹತ್ತಿರವೋ ಇಂಗ್ಲಿಷ್ ಕಲಿತವರೇ ತಾನೆ? ತಲೆ ತಾನಾಗಿ ತಗ್ಗಿತು, ಅಂಗೈ ತಾನಾಗಿ ಚಾಚಿತು. "ಸಾರಿ, ಸರ್."

ಮುಂದಿನ ಸಾಲಿನ ಹುಡುಗ ಪಾಪ ಎಂದು ಸರಿದು, ಅವರಿಗೆ ಸಾಲಿನಲ್ಲಿ ಜಾಗ ಮಾಡಿಕೊಟ್ಟ.

ಸಾಹೇಬರು ಅಷ್ಟೂ ಅಂಗೈ ನೋಡಿದರು. ಕಣ್ಣು ತುಂಬಿ ಬಂತು.

"ಹಮ್ ಭೀ ಐಸಾಚ್ ಸೀಖೆ," ನಾವೂ ಹೀಗೇ ಕಲಿತದ್ದು ಅಂದವರೇ, ನೌಕರಿ ಕಾಯಂ ಮಾಡಿ ಹೋದರು.