ದೇವಾನಂದನ ಪಾರ್ಕಿಂಗ್ ಹೋರಾಟ

ಸೋಮವಾರ ಬೆಳಿಗ್ಗೆ ಎಕ್ಸ್‌ರೇ ವಿಭಾಗದ ದೇವಾನಂದ ಜಲನಗರದಿಂದ ತನ್ನ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ ಬಂದಾಗ, ಗೇಟಿನ ಕಾವಲುಗಾರ ಜಾವೀದ ಸಲಾಮು ಹೊಡೆಯುವ ಬದಲು ಹೊಸ ಪಾರ್ಕಿಂಗ್ ಚೀಟಿಯೊಂದನ್ನು ಚಾಚಿದ. ಕಾರಿಗೆ ದಿನಕ್ಕೆ ಐವತ್ತು ರೂಪಾಯಿ, ಹೊರಡುವಾಗ ಕೊಡಬೇಕು. ರೋಗಿ, ಭೇಟಿಗೆ ಬಂದವರು, ಸಿಬ್ಬಂದಿ, ಯಾರಿಗೂ ವಿನಾಯಿತಿ ಇಲ್ಲ.

ದೇವಾನಂದನಿಗೆ ಕರೆಂಟು ಹೊಡೆದಂತಾಯಿತು. "ನಾ ಇಲ್ಲೇ ಕೆಲಸಾ ಮಾಡಾಂವ ಅದೇನಲ್ಲೋ ಜಾವೀದ."

"ನಾನೂ ಇಲ್ಲೇ ಮಾಡ್ತೇನ್ರಿ ಸರ್. ನನ್ನ ಸೈಕಲ್ಲಿಗೆ ನಾನ ಚೀಟಿ ಹರಕೊಂಡೇನಿ," ಎಂದು ಜಾವೀದ ಕಿಸೆಯಿಂದ ತೆಗೆದು ತೋರಿಸಿದ.

ಸುದ್ದಿ ವಾರ್ಡುಗಳಿಗೆ ಹಬ್ಬಿತು. ಇದನ್ನು ಸುಮ್ಮನೆ ಬಿಡಬಾರದು, ದೇವಾನಂದನಷ್ಟು ಚೆಂದ ಮಾತಾಡುವವರು ಇಡೀ ಆಸ್ಪತ್ರೆಯಲ್ಲಿಲ್ಲ ಎಂದು ನರ್ಸ್ ರಾಜೇಶ್ವರಿ ಹುರಿದುಂಬಿಸಿದಳು. ಮಧ್ಯಾಹ್ನ ಇಪ್ಪತ್ತು ಮಂದಿ ಅವನನ್ನು ಮದುಮಗನಂತೆ ಮುಂದಿಟ್ಟುಕೊಂಡು ವ್ಯವಸ್ಥಾಪಕ ಸಿದ್ದಲಿಂಗೇಶರ ಕೋಣೆಗೆ ಹೊರಟರು. ದೇವಾನಂದ ಒಳಗೆ ಕಾಲಿಟ್ಟು ತಿರುಗಿ ನೋಡಿದರೆ, ಬೆನ್ನಿಗಿದ್ದವಳು ತಿಕೋಟಾದ ಮುದುಕಿ ರುಕ್ಮವ್ವ ಒಬ್ಬಳೇ. ಸೊಸೆಯ ಹೆರಿಗೆಗೆ ಬಂದಿದ್ದ ಆಕೆ, ಇದು ಕೂಸಿನ ಹೆಸರು ಬರೆಸುವ ಪಾಳಿಯೆಂದು ತಿಳಿದು ನಿಂತಿದ್ದಳು.

ಇನ್ನು ಹಿಂದೆ ಸರಿಯುವಂತಿರಲಿಲ್ಲ. ದೇವಾನಂದ ಹೇಳಿದ: "ಮಂದಿ ಜಡ್ಡಾಗಿ ಬರ್ತಾರ್ರಿ ಸಾಹೇಬ್ರ, ನಾವು ಅವ್ರನ್ನ ನೋಡ್ಕೊಳ್ಳಾಕ ಬರ್ತೇವಿ. ಸಿನಿಮಾಕ್ಕ ಬಂದವ್ರಂಗ ರೊಕ್ಕಾ ಕೇಳಿದ್ರ ಹೆಂಗ್ರಿ?"

ಸಿದ್ದಲಿಂಗೇಶರು ಬೈಯಲಿಲ್ಲ, ನೀರು ಕೊಟ್ಟರು. ಅದೇ ಇವನಿಗೆ ಮೊದಲ ಆಘಾತ. ಇಂದಿನಿಂದಲೇ ಸಿಬ್ಬಂದಿಗೆ ಪೂರ್ತಿ ಮಾಫಿ, ಆ ನಷ್ಟ ತುಂಬಲು ಉಳಿದವರಿಗೆ ಇಮ್ಮಡಿ ಎಂದು ಅಲ್ಲೇ ಆದೇಶ ಬರೆದರು. ಗೆದ್ದ ಖುಷಿಯಲ್ಲಿ ಉಳಿದವರ ಪರವಾಗಿ ಒಂದು ಮಾತಾಡುವುದು ದೇವಾನಂದನಿಗೆ ಹೊಳೆಯಲೇ ಇಲ್ಲ. ಹೊರಗೆ ಮಾಯವಾಗಿದ್ದ ಇಪ್ಪತ್ತು ಮಂದಿಯೂ ಎಲ್ಲಿಂದಲೋ ಪ್ರತ್ಯಕ್ಷರಾಗಿ ಚಪ್ಪಾಳೆ ತಟ್ಟಿದರು.

ಸಂಜೆ ಗೇಟಿನಲ್ಲಿ ಜಾವೀದ ದೇವಾನಂದನ ಕಾರನ್ನು ತಡೆದ. ಹೊಸದಾಗಿ ಬಂದಿದ್ದ ಸಿಬ್ಬಂದಿ ಪಟ್ಟಿಯ ಮೇಲೆ ಮೂರು ಸಲ ಬೆರಳಾಡಿಸಿ, ನಿಮ್ಮ ಹೆಸರೇ ಇಲ್ಲವಲ್ಲ ಎಂದ. ದೇವಾನಂದ ಕಚೇರಿಗೆ ಓಡಿದ. ಗುಮಾಸ್ತೆ ವಿಜಯಲಕ್ಷ್ಮೀ ಕಂಪ್ಯೂಟರ್ ನೋಡಿ, "ನೀವು ಏಜೆನ್ಸಿ ಕಡೆಯವ್ರದೀರಿ ಸರ್. ನಿಮ್ಮ ಪಗಾರ ಅವ್ರ ಹಾಕ್ತಾರ. ನಮ್ಮ ಸ್ಟಾಫ್ ಅಲ್ರಿ," ಎಂದಳು. ಒಂಬತ್ತು ವರ್ಷದ ಹಿಂದೆ, ತೋರಿಸಿದಲ್ಲೆಲ್ಲ ಸಹಿ ಹಾಕಿದ್ದ ತನ್ನದೇ ಕೆಲಸದ ಕರಾರುಪತ್ರವನ್ನು, ಅವಳು ತೆಗೆದು ತೋರಿಸಿದಾಗ, ಅವನು ಮೊದಲ ಸಲ ಓದಿದ.

ಕಾಲೆಳೆಯುತ್ತ ಗೇಟಿಗೆ ಮರಳಿದಾಗ ಜಾವೀದ ಮೆಲ್ಲಗೆ ಕೇಳಿದ: "ಚೀಟಿಯೊಳಗ ಏನ್ ಬರೀಲಿ ಸರ್? ಪೇಶಂಟೊ, ಭೇಟಿಗೆ ಬಂದವ್ರೊ?"

ದೇವಾನಂದ ನೂರರ ನೋಟು ಕೊಟ್ಟ.

"ಭೇಟಿಗೆ ಬಂದಾನಂತ ಬರಿಯಪ್ಪಾ. ಒಂಬತ್ತು ವರ್ಷ ಆತು, ಇನ್ನೂ ಹೋಗವಲ್ಲಂತ."